ಅಬೆಯೊಕುಟಾದ ಸಂತೆ ಹೆಂಗಸರು, ಫುನ್ಮಿಲಾಯೊ ರಾನ್ಸಮ್-ಕುಟಿ ಮತ್ತು ತೆರಿಗೆ ಹೋರಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಫುನ್ಮಿಲಾಯೊ ರಾನ್ಸಮ್-ಕುಟಿ ಯಾರು?

ನೈಜೀರಿಯಾದ ಅಬೆಯೊಕುಟಾ ಪಟ್ಟಣದವರು. ಹುಟ್ಟಿದ್ದು 1900ರ ಅಕ್ಟೋಬರ್ 25ರಂದು, ತೀರಿಕೊಂಡದ್ದು 1978ರ ಏಪ್ರಿಲ್ 13ರಂದು. ವೃತ್ತಿಯಲ್ಲಿ ಶಿಕ್ಷಕಿ. 1940ರ ದಶಕದಲ್ಲಿ ಸಂತೆ ಹೆಂಗಸರನ್ನು ಸೇರಿಸಿ ಅಬೆಯೊಕುಟಾ ಮಹಿಳಾ ಸಂಘ ಕಟ್ಟಿದರು. ಹೆಂಗಸರ ಮೇಲಿದ್ದ ತಲೆಗಂದಾಯ ರದ್ದಾಗುವಂತೆ ಮಾಡಿದ್ದೂ ಬ್ರಿಟಿಷರ ಬೆಂಬಲದಿಂದ ಆಳುತ್ತಿದ್ದ ಅರಸ ಪಟ್ಟ ಬಿಡುವಂತೆ ಮಾಡಿದ್ದೂ ಈ ಸಂಘವೇ.

ಸಂಗೀತಗಾರ ಫೆಲಾ ಕುಟಿಯ ತಾಯಿ ಎಂದೇ ಅನೇಕರು ಅವರನ್ನು ಗುರುತಿಸುತ್ತಾರೆ. ಅದು ನಿಜ. ಆದರೆ ಫೆಲಾ 9 ವರ್ಷದ ಹುಡುಗನಾಗಿದ್ದಾಗಲೇ ಆ ತಾಯಿಯ ಹಿಂದೆ ಹತ್ತು ಸಾವಿರ ಹೆಂಗಸರು ಅರಮನೆಯ ಮುಂದೆ ರಾತ್ರಿ ಕಳೆದಿದ್ದರು. ಮಗನ ಹೆಸರಿನ ಮೂಲಕ ಅವರನ್ನು ಪರಿಚಯಿಸುವ ಅಗತ್ಯ ನಮಗಂತೂ ಕಾಣುವುದಿಲ್ಲ.

ಅಬೆಯೊಕುಟಾ ಎಂಥ ಊರು? ಅಲ್ಲಿನ ಹೆಂಗಸರು ಏನು ಮಾಡುತ್ತಿದ್ದರು?

ಲಾಗೋಸ್‌ನಿಂದ ಉತ್ತರಕ್ಕೆ, ಒಗುನ್ ನದಿಯ ದಂಡೆಯಲ್ಲಿ, ಒಲುಮೊ ಎಂಬ ದೊಡ್ಡ ಬಂಡೆಯ ಸುತ್ತ ಬೆಳೆದ ಪಟ್ಟಣ. ಯೊರುಬಾ ಜನರ ಒಳಗಿನ ಎಗ್ಬಾ ಪಂಗಡದವರು ಯುದ್ಧಗಳಿಂದ ಓಡಿಬಂದು 1830ರಲ್ಲಿ ಇಲ್ಲಿ ನೆಲೆ ಕಂಡರು. ಊರಿನಲ್ಲಿ ನಾಲ್ಕು ಭಾಗಗಳಿವೆ: ಆಕೆ, ಒಕೆ-ಒನಾ, ಗ್ಬಾಗುರಾ, ಒವು. ಆಕೆ ಭಾಗದ ಅರಸನಿಗೆ ಅಲಾಕೆ ಎಂಬ ಬಿರುದು. ಬ್ರಿಟಿಷರ ಕಾಲಕ್ಕೆ ಇಡೀ ಎಗ್ಬಾ ನಾಡಿಗೆ ಅವನೇ ದೊರೆ ಎಂಬಂತಾಯಿತು.

ಸಂತೆ ನಡೆಸುತ್ತಿದ್ದವರು ಹೆಂಗಸರೇ. ಅಕ್ಕಿ, ಮರಗೆಣಸಿನ ತರಿಯಾದ ಗಾರಿ, ತಾಳೆ ಎಣ್ಣೆ, ಬಟ್ಟೆ ಎಲ್ಲವೂ ಅವರ ಕೈಯಲ್ಲಿದ್ದವು. ಬಿಳಿ ಬಟ್ಟೆಯ ಮೇಲೆ ಗಂಟು ಕಟ್ಟಿ ಅಥವಾ ಗಂಜಿ ಬಳಿದು ನೀಲಿಯಲ್ಲಿ ಅದ್ದುವ ಆದಿರೆ ಎಂಬ ಕಸುಬಿಗೆ ಈ ಊರು ಹೆಸರಾಗಿತ್ತು, ಅದೂ ಹೆಂಗಸರದೇ. ಗಂಡನ ಗಳಿಕೆ ಬೇರೆ, ಹೆಂಡತಿಯ ಗಳಿಕೆ ಬೇರೆ ಎಂಬುದು ಯೊರುಬಾ ಮನೆಗಳಲ್ಲಿ ಮಾಮೂಲು. ತೆರಿಗೆಯ ಜಗಳ ಹುಟ್ಟಿದ್ದು ಇದರಿಂದಲೇ: ಹೆಂಗಸಿಗೆ ಸ್ವಂತ ಆದಾಯವಿದ್ದುದರಿಂದಲೇ ಸರ್ಕಾರದ ಕಣ್ಣು ಅದರ ಮೇಲೆ ಬಿತ್ತು.

ಬ್ರಿಟಿಷರು ಬರುವ ಮುನ್ನ ಹೆಂಗಸರಿಗೆ ಅಧಿಕಾರವಿತ್ತೆ?

ಇತ್ತು, ಗಂಡಸರಷ್ಟು ಅಲ್ಲ. ಇಯಾಲೊಡೆ ಎಂಬ ಪದವಿಯಲ್ಲಿದ್ದ ಹೆಂಗಸು ಊರಿನ ಸಭೆಯಲ್ಲಿ ಹೆಂಗಸರ ಪರವಾಗಿ ಮಾತಾಡುತ್ತಿದ್ದಳು. ದೊಡ್ಡ ವ್ಯಾಪಾರಿಯಾಗಿದ್ದ ಎಫುನ್ರೊಯೆ ಟಿನುಬು 1864ರಲ್ಲಿ ಎಗ್ಬಾ ಇಯಾಲೊಡೆ ಆದರು. ಪಶ್ಚಿಮದ ದಹೋಮಿ ರಾಜ್ಯದ ಸೈನ್ಯ ಊರಿಗೆ ಮುತ್ತಿಗೆ ಹಾಕಿದಾಗ ಕಾಳಗಕ್ಕೆ ಮದ್ದುಗುಂಡು ಒದಗಿಸಿದ್ದಕ್ಕೆ ಸಂದ ಮನ್ನಣೆ ಅದು.

ಆಮೇಲೆ ಬ್ರಿಟಿಷರು ತಂದ ಪರೋಕ್ಷ ಆಳ್ವಿಕೆಯಲ್ಲಿ, ಅಂದರೆ ಸ್ಥಳೀಯ ಅರಸರ ಮೂಲಕ ನಡೆಸುವ ಆಡಳಿತದಲ್ಲಿ, ಈ ಪದವಿಗಳಿಗೆ ಜಾಗವೇ ಇರಲಿಲ್ಲ. 1914ರಲ್ಲಿ ಎಗ್ಬಾ ನಾಡಿನ ಸ್ವಾತಂತ್ರ್ಯ ಹೋಯಿತು. ಅಲಾಕೆಯನ್ನು ಮುಂದೆ ‘ಏಕೈಕ ಸ್ಥಳೀಯ ಪ್ರಾಧಿಕಾರ’ ಎಂದು ಒಪ್ಪಿಕೊಂಡರು. ಕಾಗದದ ಮೇಲೆ ಇದು ಸ್ಥಳೀಯ ಸಂಪ್ರದಾಯಕ್ಕೆ ಕೊಟ್ಟ ಗೌರವದಂತೆ ಕಾಣುತ್ತದೆ. ಆದರೆ ಹಿಂದಿನ ಅಲಾಕೆ ಮುಖಂಡರ ಸಭೆಯ ಮಾತು ಕೇಳಲೇಬೇಕಿತ್ತು. ಹೊಸ ಏರ್ಪಾಡಿನಲ್ಲಿ ಬ್ರಿಟಿಷ್ ಅಧಿಕಾರಿಯ ಮಾತು ಕೇಳಿದರೆ ಸಾಕು. ಸಂಪ್ರದಾಯದ ಹೆಸರಿನಲ್ಲಿ ಸಂಪ್ರದಾಯದ ಕಡಿವಾಣವನ್ನೇ ಕಳಚಿದರು ಎನ್ನಬಹುದು.

ಹೆಂಗಸರ ಮೇಲಿನ ತೆರಿಗೆ ಎಷ್ಟಿತ್ತು? ಅದರಲ್ಲಿ ಅಷ್ಟು ಸಿಟ್ಟಾಗುವಂಥದ್ದು ಏನಿತ್ತು?

ಅಬೆಯೊಕುಟಾದಲ್ಲಿ ನೇರ ತೆರಿಗೆ ಜಾರಿಯಾದದ್ದು 1918ರಲ್ಲಿ. ಗಂಡಸಿಗೆ ವರ್ಷಕ್ಕೆ 5 ಶಿಲಿಂಗ್, ಹೆಂಗಸಿಗೆ 2 ಶಿಲಿಂಗ್ 6 ಪೆನ್ಸ್. ಆಗಿನ ಲೆಕ್ಕದಲ್ಲಿ 12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್, ಅಂದರೆ ಹೆಂಗಸಿನ ದರ ಗಂಡಸಿನದರಲ್ಲಿ ಸರಿಯಾಗಿ ಅರ್ಧ. ಅದೇ ವರ್ಷ ಎಗ್ಬಾ ರೈತರು ಬಂಡೆದ್ದು ರೈಲು ಹಳಿ ಕಿತ್ತರು, ತಂತಿ ಕತ್ತರಿಸಿದರು. ಅದಕ್ಕೆ ಅದುಬಿ ಯುದ್ಧ ಎಂದು ಹೆಸರು. ಸೇನೆ ಬಂದು ಬಗ್ಗುಬಡಿಯಿತು, ತೆರಿಗೆ ಉಳಿಯಿತು.

ಮೊತ್ತಕ್ಕಿಂತ ವಸೂಲಿಯ ರೀತಿ ಹೆಚ್ಚು ನೋಯಿಸಿತು. ಯೊರುಬಾ ನಾಡಿನ ಹೆಚ್ಚಿನ ಕಡೆ ಹೆಂಗಸಿಗೆ ಬೇರೆ ತೆರಿಗೆ ಇರಲಿಲ್ಲ. ಅಬೆಯೊಕುಟಾ ಮತ್ತು ಪಕ್ಕದ ಇಜೆಬು ಸೀಮೆಯಲ್ಲಿ ಮಾತ್ರ ಹೆಂಡತಿಯನ್ನು ಗಂಡನಿಂದ ಬೇರ್ಪಡಿಸಿ ಲೆಕ್ಕ ಹಿಡಿಯುತ್ತಿದ್ದರು. ಹುಡುಗಿಗೆ 15 ತುಂಬಿದರೆ ತೆರಿಗೆ ಬಿತ್ತು. ಹುಟ್ಟಿದ ದಾಖಲೆ ಯಾರ ಹತ್ತಿರವೂ ಇಲ್ಲ, ಹಾಗಾಗಿ ವಸೂಲಿಗೆ ಬಂದವರು ಹುಡುಗಿಯರ ಬಟ್ಟೆ ಬಿಚ್ಚಿಸಿ ವಯಸ್ಸು ನಿರ್ಧರಿಸುತ್ತಿದ್ದರು ಎಂಬ ದೂರು ಮತ್ತೆ ಮತ್ತೆ ಬಂತು. ಕಟ್ಟದವರ ಮನೆಗೆ ನುಗ್ಗುವುದು, ಹೊಡೆಯುವುದು, ಜೈಲಿಗೆ ಹಾಕುವುದೂ ನಡೆಯುತ್ತಿತ್ತು. ಇಷ್ಟೆಲ್ಲ ವಸೂಲಾದ ಮೇಲೂ ಆ ಹಣ ಹಂಚುವ ಮಂಡಳಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

1918ರ ತೆರಿಗೆಗೆ 1947ರಲ್ಲಿ ದಂಗೆ ಯಾಕೆ? ಅಷ್ಟು ವರ್ಷ ಏನು ಮಾಡುತ್ತಿದ್ದರು?

ಸುಮ್ಮನಿರಲಿಲ್ಲ. 1930ರ ದಶಕದಲ್ಲಿ ಆದಿರೆ ಕಸುಬುದಾರರಿಗೂ ಅಲಾಕೆಗೂ ದೊಡ್ಡ ತಕರಾರು ನಡೆದಿತ್ತು. ಕಾಸ್ಟಿಕ್ ಸೋಡಾ ಮತ್ತು ಕೃತಕ ಬಣ್ಣ ಬಳಸಿದರೆ ಬಟ್ಟೆ ಹಾಳಾಗುತ್ತದೆ ಎಂದು ಅಲಾಕೆ ಅವುಗಳನ್ನು ನಿಷೇಧಿಸಿದ್ದರು. ಅವನ್ನು ಬಿಟ್ಟರೆ ಖರ್ಚೂ ಹೆಚ್ಚು, ದಿನವೂ ಹೆಚ್ಚು ಎಂದು ಬಣ್ಣ ಅದ್ದುವವರು ಪಟ್ಟುಹಿಡಿದರು.

ಎರಡನೆಯ ಮಹಾಯುದ್ಧ ಎಲ್ಲವನ್ನೂ ಒಟ್ಟಿಗೆ ಬಿಗಿಮಾಡಿತು. ಆಹಾರದ ಬೆಲೆಯನ್ನು ಸರ್ಕಾರವೇ ಕಟ್ಟಿತು. ಸೈನ್ಯಕ್ಕೆಂದು ಇಂತಿಷ್ಟು ಅಕ್ಕಿ ಕೊಡಬೇಕೆಂದು ಊರಿಗೆ ಲೆಕ್ಕ ಬಂತು, ಅದು ತುಂಬದಿದ್ದಾಗ ಪೊಲೀಸರು ಸಂತೆಗೆ ಹೋಗುವ ದಾರಿಯಲ್ಲೇ ನಿಂತು ಹೆಂಗಸರ ಅಕ್ಕಿ ಕಸಿದುಕೊಂಡರು. ಯುರೋಪಿನ ಕಂಪನಿಗಳು ಬೇಡಿಕೆಯಿರುವ ಸರಕಿನ ಜೊತೆ ಯಾರಿಗೂ ಬೇಡದ ಸರಕನ್ನೂ ಕೊಳ್ಳಲೇಬೇಕೆಂದು ಗಂಟು ಹಾಕಿದವು. ಹೀಗೆ ಲಾಭ ಇಳಿಯುತ್ತಿರುವಾಗಲೇ ತೆರಿಗೆ ಏರಿಸುವ ಮಾತು ಬಂತು.

ಇಂಗ್ಲೆಂಡಿನಲ್ಲಿ ಓದಿದ ಶಿಕ್ಷಕಿಗೂ ಸಂತೆ ಹೆಂಗಸರಿಗೂ ನಂಟು ಬೆಳೆದದ್ದು ಹೇಗೆ?

1914ರಲ್ಲಿ ಅಬೆಯೊಕುಟಾ ಗ್ರಾಮರ್ ಸ್ಕೂಲ್ ಮೊದಲ ಬಾರಿಗೆ ಹುಡುಗಿಯರನ್ನು ಸೇರಿಸಿಕೊಂಡಾಗ ಫುನ್ಮಿಲಾಯೊ ಅವರಲ್ಲೊಬ್ಬರು. 1919ರಿಂದ 1922ರವರೆಗೆ ಇಂಗ್ಲೆಂಡಿನ ಚೆಷೈರ್‌ನ ವಿಂಚಮ್ ಹಾಲ್ ಶಾಲೆಯಲ್ಲಿ ಓದಿದರು. ಫ್ರಾನ್ಸಿಸ್ ಅಬಿಗೇಲ್ ಎಂಬ ಇಂಗ್ಲಿಷ್ ಹೆಸರುಗಳನ್ನು ಕೈಬಿಟ್ಟು ಯೊರುಬಾ ಹೆಸರೊಂದನ್ನೇ ಉಳಿಸಿಕೊಂಡದ್ದು ಆ ದಿನಗಳಲ್ಲಿ. 1925ರ ಜನವರಿ 20ರಂದು ಇಸ್ರೇಲ್ ಒಲುಡೊಟುನ್ ರಾನ್ಸಮ್-ಕುಟಿ ಅವರೊಂದಿಗೆ ಮದುವೆಯಾಯಿತು. ಅವರು ಪಾದ್ರಿ, ಮುಖ್ಯೋಪಾಧ್ಯಾಯ, ನೈಜೀರಿಯಾ ಶಿಕ್ಷಕರ ಸಂಘದ ಮೊದಲ ಅಧ್ಯಕ್ಷ.

1932ರಲ್ಲಿ ಶುರುವಾದ ಅಬೆಯೊಕುಟಾ ಲೇಡೀಸ್ ಕ್ಲಬ್ ಹೆಸರಿಗೆ ತಕ್ಕಂತೆಯೇ ಇತ್ತು: ಓದಿದ ಕ್ರೈಸ್ತ ಮನೆತನದ ಹೆಂಗಸರು, ಹೊಲಿಗೆ, ಅಡುಗೆ, ನಡೆನುಡಿಯ ಪಾಠ. ತಿರುವು ಬಂದದ್ದು 1940ರ ದಶಕದಲ್ಲಿ, ಸಂತೆಯ ಹೆಂಗಸರು ಅಕ್ಷರ ಕಲಿಸಿ ಎಂದು ಕೇಳಿದಾಗ. ಪಾಠ ಆರಂಭವಾಯಿತು. ಪಾಠದ ನಡುವೆ ಅಕ್ಕಿ ಕಸಿಯುವ ಕಥೆ, ತೆರಿಗೆಯವರ ಕಥೆ ಹೊರಬಂತು. ಕ್ಲಬ್ಬಿನವರು ಅಧಿಕಾರಿಗಳಿಗೆ ಬರೆದರು, ಉತ್ತರ ಬರದಿದ್ದಾಗ ಪತ್ರಿಕೆಗೆ ಹೋದರು, 1945ರಲ್ಲಿ ಅಕ್ಕಿ ಜಪ್ತಿ ನಿಂತಿತು. ಸಣ್ಣ ಗೆಲುವು, ಆದರೆ ಇವರನ್ನು ನಂಬಬಹುದು ಎಂಬುದು ಸಂತೆಗೆ ತಿಳಿದದ್ದು ಅದರಿಂದ. 1946ರಲ್ಲಿ ಕ್ಲಬ್ಬು ಮಹಿಳಾ ಸಂಘವಾಯಿತು, ಬಾಗಿಲು ಎಲ್ಲರಿಗೂ ತೆರೆಯಿತು.

ಸಂಘವಾದ ಮೇಲೆ ಫುನ್ಮಿಲಾಯೊ ಗೌನು ಬಿಟ್ಟು ಸಂತೆಯವರಂತೆ ಯೊರುಬಾ ಉಡುಗೆ ಉಟ್ಟರು, ಭಾಷಣವೂ ಯೊರುಬಾದಲ್ಲೇ. ಇಂಗ್ಲಿಷ್ ಬಲ್ಲ ಹೆಂಗಸು ಯೊರುಬಾದಲ್ಲಿ ಮಾತಾಡಿದಾಗ ದುಭಾಷಿಯನ್ನು ಹುಡುಕುವ ಪಾಡು ಬ್ರಿಟಿಷ್ ಅಧಿಕಾರಿಯದಾಯಿತು.

ಸಂಘದಲ್ಲಿ ಎಷ್ಟು ಮಂದಿ ಇದ್ದರು?

ಚಂದಾ ಕಟ್ಟುವ ಸದಸ್ಯರು ಸುಮಾರು 20,000. ಒಂದು ಲಕ್ಷ ಬೆಂಬಲಿಗರಿದ್ದಾರೆ ಎಂದೂ ಸಂಘ ಹೇಳಿಕೊಳ್ಳುತ್ತಿತ್ತು. ಎರಡನ್ನೂ ಬೆರೆಸಿ ‘ಲಕ್ಷ ಸದಸ್ಯರು’ ಎಂದು ಬರೆಯಬೇಡಿ.

ಹೋರಾಟ ಯಾವ ಕ್ರಮದಲ್ಲಿ ನಡೆಯಿತು?

ಮೊದಲು ಮಾತುಕತೆ. 1946ರ ಅಕ್ಟೋಬರ್‌ನಲ್ಲಿ ನಿಯೋಗ ಹೋಗಿ ಅಲಾಕೆಯನ್ನು ಕಂಡು ತೆರಿಗೆ ಏರಿಸಬೇಡಿ ಎಂದಿತು. ಫಲ ಸಿಗಲಿಲ್ಲ. ಮನವಿ, ಪತ್ರ, ಪತ್ರಿಕಾ ಹೇಳಿಕೆಗಳಾದವು. ಜೊತೆಗೇ ಸಂಘ ಲೆಕ್ಕಪರಿಶೋಧಕರನ್ನು ಹಿಡಿದು ಅಲಾಕೆಯ ಆಡಳಿತದ ಜಮಾಖರ್ಚನ್ನು ಪರಿಶೀಲಿಸಿತು, ವಕೀಲರನ್ನೂ ಗೊತ್ತುಮಾಡಿತು. ಅರಮನೆಯ ಮುಂದೆ ಕೂಗಿದ್ದನ್ನೇ ಎಲ್ಲರೂ ನೆನೆಯುತ್ತಾರೆ, ಆದರೆ ಈ ಲೆಕ್ಕದ ಕೆಲಸ ಇಲ್ಲದಿದ್ದರೆ ಕೂಗಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ ಎಂಬುದು ನಮ್ಮ ಎಣಿಕೆ.

ಎರಡನೆಯ ಹೆಜ್ಜೆ ತೆರಿಗೆ ನಿರಾಕರಣೆ. ಫುನ್ಮಿಲಾಯೊ ತಾವೇ ಕಟ್ಟುವುದಿಲ್ಲ ಎಂದು ನಿಂತು ಕೋರ್ಟಿಗೆ ಹೋದರು. ನಾಯಕಿ ಮೊದಲು ಕಟಕಟೆ ಹತ್ತಿದ್ದರಿಂದ ಉಳಿದವರ ಭಯ ಕಡಿಮೆಯಾಯಿತು.

ಮೂರನೆಯದು ಅರಮನೆಯ ಮುಂದಿನ ಧರಣಿ. 1947ರ ನವೆಂಬರ್ 29–30ರಂದು ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಬಂದು ಕೂತರು. ಹೆಂಗಸರ ತೆರಿಗೆಯನ್ನು ಸದ್ಯಕ್ಕೆ ತಡೆಹಿಡಿದು ಪರಿಶೀಲಿಸುತ್ತೇವೆ ಎಂಬ ಮಾತು ಸಿಕ್ಕ ಮೇಲೆ ಎದ್ದರು. ಆದರೆ ತೆರಿಗೆ ಕಟ್ಟದ ಹೆಂಗಸರ ಬಂಧನ ನಿಲ್ಲಲಿಲ್ಲ. ಹಾಗಾಗಿ ಡಿಸೆಂಬರ್ 8ರಂದು ಮತ್ತೆ ಅಷ್ಟೇ ಜನ ಬಂದರು. ಈ ಸಲ ಬಾಯಿಮಾತು ನಂಬಲಿಲ್ಲ. ಜೈಲಿನಲ್ಲಿದ್ದವರು ಹೊರಬರುವ ತನಕ, ಡಿಸೆಂಬರ್ 10ರವರೆಗೆ, ಅಲ್ಲೇ ಮಲಗಿದರು. ಹತ್ತೇ ದಿನಗಳ ಅಂತರದಲ್ಲಿ ಷರತ್ತು ‘ಭರವಸೆ ಕೊಡಿ’ ಎಂಬುದರಿಂದ ‘ಮೊದಲು ಬಿಡಿ, ಆಮೇಲೆ ಏಳುತ್ತೇವೆ’ ಎಂಬುದಕ್ಕೆ ಬದಲಾದದ್ದನ್ನು ಗಮನಿಸಿ.

1948ರಲ್ಲಿ ಒತ್ತಡ ಸಡಿಲಾಗಲಿಲ್ಲ. ಆ ವರ್ಷದ ಮಧ್ಯಭಾಗಕ್ಕೆ ಒಗ್ಬೊನಿ ಎಂಬ ಹಿರಿಯರ ಕೂಟವೂ ಅಲಾಕೆಗೆ ಬೆನ್ನು ತಿರುಗಿಸಿತು. ಅಲಾಕೆ ಊರು ಬಿಟ್ಟು ಒಶೊಗ್ಬೊಗೆ ಹೋದರು, 1949ರ ಜನವರಿ 3ರಂದು ಪಟ್ಟ ತ್ಯಜಿಸಿದರು.

ಮೆರವಣಿಗೆಗೆ ಪೊಲೀಸರು ಅನುಮತಿ ಕೊಡುತ್ತಿದ್ದರೆ?

ಇಲ್ಲ. ಅದಕ್ಕೆ ಹೆಂಗಸರು ಹುಡುಕಿದ ದಾರಿ ಸರಳ: ಮೆರವಣಿಗೆ ಎನ್ನದೆ ವನಭೋಜನ ಎಂದರು, ಹಬ್ಬ ಎಂದರು. ಹಬ್ಬಕ್ಕೆ ಪರವಾನಗಿ ಬೇಡ. ಸಾವಿರಾರು ಜನರ ವನಭೋಜನ ಅರಮನೆಯ ಬಯಲಿನಲ್ಲೇ ಯಾಕೆ ಎಂದು ಕೇಳಿದರೆ ಉತ್ತರ ಪೊಲೀಸರಿಗೂ ಗೊತ್ತಿತ್ತು.

ಅಶ್ರುವಾಯುವಿಗೆ ತಯಾರಿ ಮಾಡಿಕೊಂಡಿದ್ದರಂತೆ, ನಿಜವೆ?

ನಿಜ. ಫುನ್ಮಿಲಾಯೊ ಮೊದಲೇ ತರಬೇತಿ ಕೊಡುತ್ತಿದ್ದರು. ಶೆಲ್ ಬಿದ್ದೊಡನೆ ಕಣ್ಣು ಮೂಗು ಮುಚ್ಚಿಕೊಳ್ಳಬೇಕು, ಅದನ್ನು ಎತ್ತಿ ಬಂದ ದಿಕ್ಕಿಗೇ ಎಸೆಯಬೇಕು. ಏನು ಬರಲಿದೆ ಎಂದು ಮೊದಲೇ ತಿಳಿದಿದ್ದರೆ ಗುಂಪು ಗಾಬರಿಯಾಗಿ ಚದುರುವುದಿಲ್ಲ, ಕಾಲ್ತುಳಿತವೂ ಆಗುವುದಿಲ್ಲ.

ಬೈಗುಳದ ಹಾಡುಗಳ ಬಗ್ಗೆ ಕೇಳಿದ್ದೇವೆ. ಅವು ಹೋರಾಟದ ಭಾಗವೆ?

ಮುಖ್ಯ ಭಾಗ. ಧರಣಿಯ ರಾತ್ರಿಗಳಲ್ಲಿ ಹೆಂಗಸರು ಅಲಾಕೆಯ ಹೆಸರು ಹಿಡಿದು, ಅವರ ಗಂಡಸುತನವನ್ನೇ ಹೀಯಾಳಿಸಿ ಹಾಡಿದರು. ಇಷ್ಟು ದಿನ ನೀನು ನಮ್ಮ ಗಂಡನೆಂದು ಮೆರೆದೆ, ಇನ್ನು ನಾವೇ ಗಂಡಂದಿರು ಎಂಬ ಅರ್ಥದ ಹಾಡೊಂದು ದಾಖಲಾಗಿದೆ. ಅದರ ಭಾಷೆ ಇಲ್ಲಿ ಅಚ್ಚಿಗೆ ಹಾಕುವಂಥದ್ದಲ್ಲ.

ಇದನ್ನು ಬರೀ ಅಶ್ಲೀಲ ಎನ್ನುವವರು ಒಂದು ಅಂಶ ಮರೆಯುತ್ತಾರೆ. ಅರಸನ ಅಧಿಕಾರ ನಿಂತಿದ್ದದ್ದು ಮಾನ ಮರ್ಯಾದೆಯ ಮೇಲೆ. ಹಿರಿಯ ವಯಸ್ಸಿನ ಹೆಂಗಸರೇ ಬಹಿರಂಗವಾಗಿ ಹಾಗೆ ಹಾಡಿದರೆ ಆ ಮರ್ಯಾದೆ ಉಳಿಯದು. ಲಾಠಿ ಬೀಸಿ ಹಾಡು ನಿಲ್ಲಿಸಹೋದರೆ ಮುದುಕಿಯರಿಗೆ ಹೊಡೆದ ಅಪಕೀರ್ತಿ ಬೇರೆ.

ಒರೊ ಎಂಬ ಗಂಡಸರ ಪೂಜಾಪದ್ಧತಿ ಇದಕ್ಕೆ ಎದುರಿನ ಅಸ್ತ್ರ. ಒರೊ ಹೊರಟರೆ ಹೆಂಗಸರು ಬಾಗಿಲು ಹಾಕಿ ಮನೆಯೊಳಗೆ ಕೂರಬೇಕು, ನೋಡಿದರೆ ಸಾವು ಎಂಬ ನಂಬಿಕೆ. ಹೆಂಗಸರನ್ನು ಹೆದರಿಸಲು ಅದನ್ನು ಬೀದಿಗೆ ತಂದಾಗ ಫುನ್ಮಿಲಾಯೊ ಒರೊ ಕೋಲನ್ನೇ ಕಸಿದುಕೊಂಡು ತಮ್ಮ ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ.

ಅವರ ಬೇಡಿಕೆಗಳೇನು? ತೆರಿಗೆ ರದ್ದು ಮಾತ್ರವೆ?

ಅಲ್ಲ. ಹೆಂಗಸರ ತಲೆಗಂದಾಯ ತೆಗೆಯಬೇಕು, ಅದರಿಂದ ಕೊರತೆ ಬಿದ್ದರೆ ಅದನ್ನು ವಿದೇಶಿ ಕಂಪನಿಗಳ ಮೇಲೆ ತೆರಿಗೆ ಹಾಕಿ ತುಂಬಿಸಿಕೊಳ್ಳಬೇಕು, ಬಂದ ಹಣವನ್ನು ರಸ್ತೆ, ನೈರ್ಮಲ್ಯ, ಶಾಲೆಗೆ ಬಳಸಬೇಕು, ಒಬ್ಬನೇ ಅಧಿಕಾರ ನಡೆಸುವ ಪದ್ಧತಿ ಹೋಗಿ ಹೆಂಗಸರೂ ಇರುವ ಪ್ರಾತಿನಿಧಿಕ ಮಂಡಳಿ ಬರಬೇಕು. ಇವುಗಳಲ್ಲಿ ಎರಡನೆಯದು ಬಹಳ ಹರಿತವಾದದ್ದು. ‘ತೆರಿಗೆ ಬೇಡ ಎಂದರೆ ಆಡಳಿತ ನಡೆಯುವುದು ಹೇಗೆ’ ಎಂಬ ಪ್ರಶ್ನೆಗೆ ಅಧಿಕಾರಿಗಳು ಕೇಳುವ ಮೊದಲೇ ಉತ್ತರ ಕೊಟ್ಟಿದ್ದರು. ಆ ಉತ್ತರ ಬ್ರಿಟಿಷ್ ವ್ಯಾಪಾರದ ಬುಡಕ್ಕೇ ಕೈಹಾಕಿತ್ತು.

ಹಾಗಾದರೆ ಇದು ಅರಸನ ವಿರುದ್ಧದ ಜಗಳವೋ ಬ್ರಿಟಿಷರ ವಿರುದ್ಧದ್ದೋ?

ಎರಡೂ ಒಂದೇ ಎಂದು ಹೆಂಗಸರು ಅರ್ಥಮಾಡಿಕೊಂಡಿದ್ದರು. ಅಲಾಕೆ 2ನೇ ಅಡೆಮೊಲಾ 1920ರಲ್ಲಿ ಪಟ್ಟಕ್ಕೆ ಬಂದವರು, ಅವರ ಹಿಂದೆ ರೆಸಿಡೆಂಟ್ ಎಂಬ ಬ್ರಿಟಿಷ್ ಅಧಿಕಾರಿ ನಿಂತಿದ್ದ. 1947ರ ಮಧ್ಯಭಾಗದಲ್ಲಿ ನ್ನಾಮ್ಡಿ ಅಜಿಕಿವೆ ನೇತೃತ್ವದ, ಸ್ವರಾಜ್ಯ ಕೇಳುತ್ತಿದ್ದ ಎನ್‌ಸಿಎನ್‌ಸಿ ಪಕ್ಷದ ಏಳು ಜನರ ನಿಯೋಗ ಲಂಡನ್ನಿಗೆ ಹೋದಾಗ ಅದರಲ್ಲಿದ್ದ ಒಬ್ಬಳೇ ಹೆಂಗಸು ಫುನ್ಮಿಲಾಯೊ. ಬ್ರಿಟಿಷರು ನೈಜೀರಿಯಾಕ್ಕೆ ಕೊಟ್ಟ ರಿಚರ್ಡ್ಸ್ ಸಂವಿಧಾನವನ್ನು ವಿರೋಧಿಸಲು ಹೋದ ಆ ನಿಯೋಗಕ್ಕೆ ವಸಾಹತು ಸಚಿವ ಕ್ರೀಚ್ ಜೋನ್ಸ್ ಹೆಚ್ಚೇನೂ ಕೊಡಲಿಲ್ಲ.

ಫುನ್ಮಿಲಾಯೊ ಮಾತ್ರ ಆ ಆಗಸ್ಟಿನಲ್ಲಿ ಬ್ರಿಟನ್ನಿನ ಕಮ್ಯುನಿಸ್ಟರ ಡೈಲಿ ವರ್ಕರ್ ಪತ್ರಿಕೆಗೆ ಒಂದು ಲೇಖನ ಬರೆದರು. ಬ್ರಿಟನ್ ಬರುವ ಮುನ್ನ ನಮ್ಮ ಹೆಂಗಸರಿಗೆ ಆಸ್ತಿ, ವ್ಯಾಪಾರ, ರಾಜಕೀಯದಲ್ಲಿ ಪಾಲಿತ್ತು, ವಸಾಹತು ಆಡಳಿತ ಅದನ್ನು ಕಸಿಯಿತು ಎಂಬುದು ಅದರ ವಾದ. ಆಫ್ರಿಕಾದ ಹೆಂಗಸನ್ನು ತಾವು ಬಂದು ಉದ್ಧರಿಸಿದೆವು ಎಂದು ನಂಬಿದ್ದವರಿಗೆ ಇದು ನುಂಗಲಾರದ ತುತ್ತಾಯಿತು. ಊರಿನಲ್ಲಿ ಅಲಾಕೆಯ ಕಡೆಯವರೂ ಕೆಂಡವಾದರು. ಧರಣಿಗಳು ನಡೆದದ್ದು ಫುನ್ಮಿಲಾಯೊ ಮರಳಿದ ಮೇಲೆ, ಅದೇ ವರ್ಷದ ಕೊನೆಯಲ್ಲಿ. ಈ ಅನುಕ್ರಮವನ್ನು ಹಲವರು ತಲೆಕೆಳಗು ಮಾಡಿ ಬರೆಯುತ್ತಾರೆ.

ಒಗ್ಬೊನಿ ಹಿರಿಯರು ಹೆಂಗಸರ ಪರ ಬಂದದ್ದು ಯಾಕೆ?

ಹೆಂಗಸರ ಮೇಲಿನ ಅಕ್ಕರೆಯಿಂದಲ್ಲ. ಹಳೆಯ ವ್ಯವಸ್ಥೆಯಲ್ಲಿ ಅರಸನನ್ನು ಹಿಡಿತದಲ್ಲಿಟ್ಟುಕೊಂಡಿದ್ದವರು ಅವರೇ. ಅಧಿಕಾರವೆಲ್ಲ ಅಲಾಕೆಯ ಕೈಗೆ ಹೋದ ಮೇಲೆ ಅವರ ಮಾತಿಗೂ ಕಿಮ್ಮತ್ತಿರಲಿಲ್ಲ. ಹೆಂಗಸರು ಬಾಗಿಲು ಮುರಿದ ಮೇಲೆ ಇವರು ಒಳಗೆ ಬಂದರು. ಆದರೂ ಅವರು ಸೇರದಿದ್ದರೆ ಅಲಾಕೆ ಪಟ್ಟ ಬಿಡುವ ತನಕ ಸಂಗತಿ ಹೋಗುತ್ತಿತ್ತೆ ಎಂಬುದು ಸಂಶಯ. ಈ ಮೈತ್ರಿ ಎಷ್ಟು ದಿನ ನಿಂತೀತು ಎಂಬುದಕ್ಕೆ ಮುಂದಿನ ಪ್ರಶ್ನೆ ನೋಡಿ.

ಗೆದ್ದದ್ದು ಏನು? ಎಷ್ಟು ದಿನ ಉಳಿಯಿತು?

ಹೆಂಗಸರ ತಲೆಗಂದಾಯ ಹೋಯಿತು. ಏಕೈಕ ಪ್ರಾಧಿಕಾರದ ಪದ್ಧತಿ ಹೋಗಿ ಹಂಗಾಮಿ ಮಂಡಳಿ ಬಂತು, ಅದರಲ್ಲಿ ಫುನ್ಮಿಲಾಯೊ ಸೇರಿ ನಾಲ್ವರು ಹೆಂಗಸರಿಗೆ ಜಾಗ ಸಿಕ್ಕಿತು.

ಸೋತದ್ದನ್ನೂ ಹೇಳಬೇಕು. 1950ರ ಡಿಸೆಂಬರ್‌ನಲ್ಲಿ ಅಲಾಕೆ ಮರಳಿ ಬಂದರು, 1962ರಲ್ಲಿ ಸಾಯುವ ತನಕ ಪಟ್ಟದಲ್ಲೇ ಇದ್ದರು. ಫುನ್ಮಿಲಾಯೊ ವಿರೋಧಿಸಿದರು. ಆದರೆ ಎರಡು ವರ್ಷದ ಹಿಂದೆ ಜೊತೆಗಿದ್ದ ಗಂಡಸರಿಗೆ ತಮ್ಮ ಕೆಲಸ ಆಗಿತ್ತು. ಹಿಂದಿನಷ್ಟು ಅಧಿಕಾರವಿಲ್ಲದ ಅರಸನಿಂದ ಅವರಿಗೆ ತೊಂದರೆಯಿರಲಿಲ್ಲ.

ಅಲ್ಲಿಂದ ದೇಶದ ರಾಜಕೀಯಕ್ಕೆ ಹೋದದ್ದು ಹೇಗೆ?

1949ರಲ್ಲಿ ಸಂಘ ನೈಜೀರಿಯಾ ಮಹಿಳಾ ಸಂಘ ಎಂಬ ಹೆಸರು ತಾಳಿ ಬೇರೆ ಊರುಗಳಲ್ಲೂ ಶಾಖೆ ತೆರೆಯಿತು. 1953ರ ಆಗಸ್ಟ್‌ನಲ್ಲಿ ಅಬೆಯೊಕುಟಾದಲ್ಲಿ ನಡೆದ ಸಮಾವೇಶಕ್ಕೆ 15 ಪ್ರಾಂತಗಳಿಂದ 400 ಪ್ರತಿನಿಧಿಗಳು ಬಂದರು, ಮಹಿಳಾ ಸಂಘಟನೆಗಳ ಒಕ್ಕೂಟ ಹುಟ್ಟಿತು. ಎಲ್ಲ ಹೆಂಗಸರಿಗೂ ಮತ, ನೇರ ಚುನಾವಣೆ, ಹೆಂಗಸರಿಗೆ ಹೆಂಗಸರೇ ಆರಿಸಿದ ಪ್ರತಿನಿಧಿಗಳು ಎಂದು ಅದು ಕೇಳಿತು. ಪೂರ್ವದಲ್ಲಿ ಆಬಾ ಊರಿನ ಸಂತೆ ಹೆಂಗಸರನ್ನು ಸಂಘಟಿಸಿದ ಮಾರ್ಗರೆಟ್ ಎಕ್ಪೊ, ಉತ್ತರದಲ್ಲಿ ಪದೇ ಪದೇ ಜೈಲು ಕಂಡ ಗಂಬೊ ಸವಾಬಾ ಇವರ ಜೊತೆ ಫುನ್ಮಿಲಾಯೊಗೆ ಒಡನಾಟವಿತ್ತು.

ಇಷ್ಟು ಜನಬಲವಿದ್ದೂ ಚುನಾವಣೆಯಲ್ಲಿ ಗೆಲ್ಲಲಿಲ್ಲ ಯಾಕೆ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ‘ಗಂಡಸರು ಬಿಡಲಿಲ್ಲ’ ಎಂಬ ಒಂದೇ ಮಾತಿನ ಉತ್ತರ ಸಾಲದು.

ಒಂದು ಕಾರಣ ಚುನಾವಣೆಯ ರಚನೆ. 1951ರ ಪ್ರಾಂತೀಯ ಚುನಾವಣೆ ನೇರವಾಗಿರಲಿಲ್ಲ. ಹಳ್ಳಿ, ಪಟ್ಟಣದವರು ಪ್ರತಿನಿಧಿಗಳನ್ನು ಆರಿಸಬೇಕು, ಅವರು ಮುಂದಿನ ಹಂತದಲ್ಲಿ ಆರಿಸಬೇಕು. ಸಂತೆಯಲ್ಲಿ ಹತ್ತು ಸಾವಿರ ಜನ ನಿಮ್ಮ ಜೊತೆಗಿದ್ದರೂ ಕೊನೆಯ ಕೋಣೆಯೊಳಗೆ ಕೂರುವವರು ಮುಖಂಡರು, ವ್ಯಾಪಾರಿ ಗಂಡಸರು. ಫುನ್ಮಿಲಾಯೊ ಅಲ್ಲಿ ಸೋತರು.

ಇನ್ನೊಂದು ಬಹಳ ಕಹಿಯಾದದ್ದು. 1954ರ ಕೇಂದ್ರ ಚುನಾವಣೆಯಲ್ಲಿ ಪಶ್ಚಿಮ ಪ್ರಾಂತದವರಿಗೆ ಮತ ಹಾಕಲು ತೆರಿಗೆ ಕಟ್ಟಿರಬೇಕಿತ್ತು. ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ ಎಂದು ಹೋರಾಡಿ ತೆರಿಗೆ ತೆಗೆಸಿದವರಿಗೆ ತೆರಿಗೆಯಿಲ್ಲದೆ ಪ್ರಾತಿನಿಧ್ಯವಿಲ್ಲ ಎಂಬ ಉತ್ತರ ಬಂತು. ಎಲ್ಲ ವಯಸ್ಕ ಹೆಂಗಸರೂ ಮತ ಹಾಕುವ ಹೊತ್ತಿಗೆ ಆ ಪ್ರಾಂತದಲ್ಲಿ 1959 ಆಗಿತ್ತು. ಉತ್ತರದ ಹೆಂಗಸರು 1970ರ ದಶಕದವರೆಗೆ ಕಾಯಬೇಕಾಯಿತು.

ಮೂರನೆಯದು ಪಕ್ಷ. ಎನ್‌ಸಿಎನ್‌ಸಿಗೆ ಅವರು ವರ್ಷಗಟ್ಟಲೆ ದುಡಿದರು. ಪಕ್ಷಕ್ಕೆ ಹೆಂಗಸರ ಮತ, ಹಾಡು, ಜನ ಬೇಕಿತ್ತು, ಅಭ್ಯರ್ಥಿಯಾಗಿ ಹೆಂಗಸು ಬೇಕಿರಲಿಲ್ಲ. 1959ರ ಕೇಂದ್ರ ಚುನಾವಣೆಗೆ ಟಿಕೆಟ್ ಕೊಡಲಿಲ್ಲ. ಅವರು ಸ್ವತಂತ್ರವಾಗಿ ನಿಂತರು, ಮತ ಒಡೆಯಿತು, ಎದುರಾಳಿ ಪಕ್ಷವಾದ ಆ್ಯಕ್ಷನ್ ಗ್ರೂಪ್ ಗೆದ್ದಿತು, ಎನ್‌ಸಿಎನ್‌ಸಿ ಅವರನ್ನು ಹೊರಹಾಕಿತು. ಬಳಿಕ ಕಟ್ಟಿದ ಕಾಮನರ್ಸ್ ಪೀಪಲ್ಸ್ ಪಾರ್ಟಿ ವರ್ಷದೊಳಗೆ ಮುಗಿಯಿತು. ಹಣವಿಲ್ಲ, ಪ್ರಾಂತವಾರು ಜನಾಂಗದ ಲೆಕ್ಕದಲ್ಲಿ ಒಡೆದ ಮೂರು ದೊಡ್ಡ ಪಕ್ಷಗಳ ನಡುವೆ ಜಾಗವೂ ಇಲ್ಲ.

ಸಂಘದ ಬಲ ಇದ್ದದ್ದು ಸಂತೆ ನಿಲ್ಲಿಸುವುದರಲ್ಲಿ, ಕೂತಲ್ಲೇ ಕೂರುವುದರಲ್ಲಿ. ಒಂದು ಊರು, ಒಬ್ಬ ಅರಸ, ಒಂದು ಅರಮನೆ ಇದ್ದಾಗ ಅದು ಕೆಲಸ ಮಾಡುತ್ತದೆ. ಅಧಿಕಾರ ಲಾಗೋಸ್ ಮತ್ತು ಇಬಾದಾನ್‌ನ ಪಕ್ಷ ಕಚೇರಿಗಳಿಗೆ ಹೋದ ಮೇಲೆ ಯಾರ ಬಾಗಿಲಲ್ಲಿ ಕೂರಬೇಕು?

ಒಂದು ತಪ್ಪು ಅವರ ಕಡೆಯದೂ ಇತ್ತು ಎಂಬುದು ನಮ್ಮ ಅಭಿಪ್ರಾಯ: ಸಂಘ ಒಬ್ಬರ ಸುತ್ತ ಹೆಚ್ಚು ಸುತ್ತಿಕೊಂಡಿತ್ತು, ಎರಡನೆಯ ಸಾಲಿನ ನಾಯಕಿಯರು ಅದೇ ಎತ್ತರಕ್ಕೆ ಬೆಳೆಯಲಿಲ್ಲ.

ಅವರು ಕಮ್ಯುನಿಸ್ಟರೆ?

ಅಲ್ಲವೆಂದು ಅವರೇ ಹೇಳುತ್ತಿದ್ದರು, ಯಾವ ಕಮ್ಯುನಿಸ್ಟ್ ಪಕ್ಷಕ್ಕೂ ಸೇರಲಿಲ್ಲ. ಎಡಪಂಥೀಯ ಅಂತರರಾಷ್ಟ್ರೀಯ ಮಹಿಳಾ ಒಕ್ಕೂಟದಲ್ಲಿ ಮಾತ್ರ ಸಕ್ರಿಯರಾಗಿದ್ದರು. 1956ರಲ್ಲಿ ಚೀನಾಕ್ಕೆ ಹೋಗಿ ಮಾವೊ ಅವರನ್ನು ಕಂಡರು. ಅಷ್ಟು ಸಾಕಾಯಿತು: 1957ರಲ್ಲಿ ಪಾಸ್‌ಪೋರ್ಟ್ ನವೀಕರಿಸಲಿಲ್ಲ, ಅಮೆರಿಕ ವೀಸಾ ಕೊಡಲಿಲ್ಲ. ನೈಜೀರಿಯಾದ ಪ್ರಧಾನಿ ಬಲೆವಾ ಅವರ ಸರ್ಕಾರವೂ ಆ ನಿರ್ಧಾರವನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯ ಬಂದ ಮೇಲಷ್ಟೇ ಅವರಿಗೆ ಪಾಸ್‌ಪೋರ್ಟ್ ಸಿಕ್ಕಿತು. 1970ರಲ್ಲಿ ಸೋವಿಯತ್ ಒಕ್ಕೂಟ ಲೆನಿನ್ ಶಾಂತಿ ಪ್ರಶಸ್ತಿ ಕೊಟ್ಟಿತು. ಅದಕ್ಕೆ ಎರಡು ವರ್ಷ ಮೊದಲು ಇಬಾದಾನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತ್ತು.

ಸಾವು ಹೇಗಾಯಿತು?

1977ರ ಫೆಬ್ರವರಿ 18ರಂದು ಸುಮಾರು ಸಾವಿರ ಸೈನಿಕರು ಲಾಗೋಸ್‌ನಲ್ಲಿ ಫೆಲಾ ಇದ್ದ ‘ಕಲಕುಟಾ’ ಎಂಬ ಮನೆಯ ಮೇಲೆ ದಾಳಿ ಮಾಡಿ ಬೆಂಕಿ ಹಚ್ಚಿದರು. ಅಲ್ಲಿದ್ದ 76 ವರ್ಷದ ಫುನ್ಮಿಲಾಯೊ ಅವರನ್ನು ಮೇಲಂತಸ್ತಿನ ಕಿಟಕಿಯಿಂದ ಎಸೆದರು. ಆ ಗಾಯಗಳಿಂದ ಚೇತರಿಸಿಕೊಳ್ಳದೆ ಮುಂದಿನ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡರು. ವಸಾಹತು ಪೊಲೀಸರು ಮಾಡದ್ದನ್ನು ಸ್ವತಂತ್ರ ದೇಶದ ಸೈನ್ಯ ಮಾಡಿತು.

ಈ ವಿಷಯದ ಮೇಲೆ ಬರೆಯುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳು ಯಾವುವು?

1929ರ ಹೆಂಗಸರ ಯುದ್ಧವನ್ನೂ ಇದನ್ನೂ ಒಂದೇ ಎಂದುಕೊಳ್ಳುವುದು ಮೊದಲನೆಯದು. ಆಬಾ ಸುತ್ತಿನ ಆ ದಂಗೆ ಆಗ್ನೇಯ ಭಾಗದ್ದು, ಮುಖ್ಯವಾಗಿ ಇಗ್ಬೊ ಹೆಂಗಸರದು. ಹೆಂಗಸರಿಗೂ ತೆರಿಗೆ ಬರಲಿದೆ ಎಂಬ ಭಯದಿಂದ ಹುಟ್ಟಿದ್ದು. ಅಲ್ಲಿ ಗುಂಡು ಹಾರಿಸಿ 50ಕ್ಕೂ ಹೆಚ್ಚು ಹೆಂಗಸರನ್ನು ಕೊಂದರು. ಅಬೆಯೊಕುಟಾದಲ್ಲಿ ತೆರಿಗೆ ಆಗಲೇ ಜಾರಿಯಲ್ಲಿತ್ತು. ಎರಡಕ್ಕೂ 18 ವರ್ಷದ ಅಂತರ.

ಅಲಾಕೆಯನ್ನು ‘ಪದಚ್ಯುತಗೊಳಿಸಿದರು’ ಎನ್ನುವುದೂ ಸರಿಯಲ್ಲ, ಅವರು ಪಟ್ಟ ತ್ಯಜಿಸಿದರು ಮತ್ತು ಮರಳಿದರು. ಹೆಸರಿನ ವಿಷಯ: ಫುನ್ಮಿಲಾಯೊ ಅನಿಕುಲಾಪೊ-ಕುಟಿ ಎಂದು ಬದಲಿಸಿಕೊಂಡದ್ದು 1970ರ ದಶಕದಲ್ಲಿ, 1947ರ ಘಟನೆಗೆ ರಾನ್ಸಮ್-ಕುಟಿ ಎಂದೇ ಬರೆಯಬೇಕು. ಇನ್ನು ಸಂತೆಯವರೂ ಸೇರಿದಂತೆ ಉಳಿದ ಹೆಂಗಸರನ್ನೆಲ್ಲ ‘ಬೆಂಬಲಿಗರು’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಸಾಹಿತಿ ವೊಲೆ ಸೊಯಿಂಕಾ ಅವರ ತಾಯಿ ಗ್ರೇಸ್ ಎನಿಯೊಲಾ ಸೊಯಿಂಕಾ ಅವರೂ ಈ ಸಂಘದ ಕೆಲಸದಲ್ಲಿದ್ದವರು. ಅವರೇ ಸಂತೆಯಲ್ಲಿ ಅಂಗಡಿ ಇಟ್ಟಿದ್ದರು.